ಬಂದೂಕು ಬಂದ ದಾರಿ

ಪ್ರಶ್ನೆ: ಅಮೆರಿಕದಲ್ಲಿ ಅಕ್ರಮ ಬಂದೂಕು ಸಾಗಣೆಯನ್ನು ಸಾರ್ವಜನಿಕ ಅಂಕಿಅಂಶ ನೋಡಿ ಜನಸಾಮಾನ್ಯರೂ ಪತ್ತೆ ಹಚ್ಚಬಹುದಂತೆ, ನಿಜವೇ?

ಉತ್ತರ: ಬಂದೂಕುಗಳು ಬರುವ ದಾರಿಯನ್ನಂತೂ ಗುರುತಿಸಬಹುದು. ಪೊಲೀಸರಿಗೆ ಸಿಕ್ಕ ಪಿಸ್ತೂಲಿನ ಸರಣಿ ಸಂಖ್ಯೆ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ, ಬಂದೂಕು ಕಾನೂನುಗಳ ಉಸ್ತುವಾರಿ ನೋಡುವ ಕೇಂದ್ರ ಸರ್ಕಾರದ ಎಟಿಎಫ್ ಸಂಸ್ಥೆಯ ಪತ್ತೆ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿನವರು ತಯಾರಕರು, ಸಗಟು ವ್ಯಾಪಾರಿ, ಅಂಗಡಿ ಎಂದು ವಿಚಾರಿಸುತ್ತ ಮೊದಲ ಖರೀದಿದಾರನವರೆಗೆ ತಲುಪುತ್ತಾರೆ. ಇದರ ರಾಜ್ಯವಾರು ಲೆಕ್ಕ ಪ್ರತಿವರ್ಷ ಪ್ರಕಟವಾಗುತ್ತದೆ. ಅದರಲ್ಲಿ ಎರಡನ್ನು ಮುಖ್ಯವಾಗಿ ನೋಡಬೇಕು: ಬಂದೂಕು ಮೊದಲು ಮಾರಾಟವಾದ ರಾಜ್ಯ, ಮಾರಾಟದಿಂದ ಪೊಲೀಸರ ವಶಕ್ಕೆ ಸಿಗುವವರೆಗಿನ ಅವಧಿ. ಅವಧಿ 3 ವರ್ಷಕ್ಕಿಂತ ಕಡಿಮೆಯಿದ್ದರೆ ಕಳ್ಳಸಾಗಣೆಯ ಗುಮಾನಿ.

2016ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ಇಂಥ ಮಾಹಿತಿಯನ್ನು ಜನರೇ ಜಾಲಾಡುವಂತೆ ಜಾಲತಾಣದಲ್ಲಿಟ್ಟಿತು. ಆ ರಾಜ್ಯದಲ್ಲಿ ಪೊಲೀಸರಿಗೆ ಸಿಕ್ಕ ಬಂದೂಕುಗಳಲ್ಲಿ ಶೇ. 74ರಷ್ಟು ಹೊರರಾಜ್ಯದವು, ವರ್ಜೀನಿಯಾ, ಜಾರ್ಜಿಯಾ ಕಡೆಯಿಂದ ಐ-95 ಹೆದ್ದಾರಿಯ ದಾರಿಯಲ್ಲಿ ಬಂದವು ಬಹಳ.

ಯಾವ ಅಂಗಡಿ ಮಾರಿತು ಎಂಬುದು ಮಾತ್ರ ಜನರಿಗೆ ಸಿಗದು. ಅಮೆರಿಕದ ಸಂಸತ್ತು ತಂದ 2003ರ ಟೀಹಾರ್ಟ್ ತಿದ್ದುಪಡಿ ಅದಕ್ಕೆ ಬೀಗ ಹಾಕಿದೆ. ಹಾಗಾಗಿ ಕಳ್ಳಸಾಗಣೆದಾರನನ್ನು ಹಿಡಿಯುವುದು ಪೊಲೀಸರ ಕೆಲಸವೇ. ಆದರೆ ಬಂದೂಕು ಮಾರಾಟದ ಸಡಿಲ ಕಾನೂನಿನ ಬಗ್ಗೆ ಜನಪ್ರತಿನಿಧಿಗಳನ್ನು ಪ್ರಶ್ನಿಸಲು ಈ ಲೆಕ್ಕ ಜನರಿಗೆ ಒದಗುತ್ತದೆ.