ತಲೆಗೆ ಹತ್ತಿದ ಬಣ್ಣ ಬಿಡುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಸುಲಿತದ ಕಾಲ ಬಂತೆಂದರೆ, ಮೆಟ್ಟುಗತ್ತಿಯ ಮುಂದೆ ಕುಳಿತವರ ಬೆರಳುಗಳು ಹಸಿ ಅಡಿಕೆಯ ಕರೆಯಿಂದ ಕಪ್ಪಾಗುತ್ತವೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದ ಆ ಕಪ್ಪು, ಚರ್ಮದ ಮೇಲ್ಪದರ ಸವೆದು ಉದುರುತ್ತ ಬಂದಂತೆ ತಾನಾಗಿ ಮಾಸುತ್ತದೆ. ಅಡಿಕೆ ಬೇಯಿಸಿದ ಚೊಗರಿನಿಂದ ಹೆಗ್ಗೋಡಿನ ಚರಕ ಸಂಸ್ಥೆಯಲ್ಲಿ ಬಟ್ಟೆಗೆ ಬಣ್ಣ ಕಟ್ಟುವುದು ಸಾಧ್ಯವಾಗಿರುವುದೂ ಟ್ಯಾನಿನ್ ಎಂಬ ಒಗರು ಅಂಶ ನೂಲನ್ನು ಬಿಗಿಯಾಗಿ ಹಿಡಿಯುವುದರಿಂದಲೇ. ಕೂದಲಿಗೆ ಹಿಡಿದ ಬಣ್ಣವೂ ಹೀಗೆಯೇ ಸುಲಭಕ್ಕೆ ಬಿಡದು. ತಲೆಗೆ ಹಚ್ಚಿದ ಬಣ್ಣ ಒಪ್ಪದೆ ಅದನ್ನು ಮನೆಯಲ್ಲೇ ತೆಗೆಯಹೊರಟವರು ಮೊದಲು ತಿಳಿಯಬೇಕಾದದ್ದು, ಬಣ್ಣ ಕೂದಲಿನ ಯಾವ ಪದರದಲ್ಲಿ ನೆಲೆಸಿದೆ ಎಂಬುದನ್ನು.

ಕೂದಲಿನ ಪ್ರತಿ ಎಳೆಯ ಹೊರಮೈಯನ್ನು ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಕವಿದ ತೆಳುಪೊರೆಗಳು ಮುಚ್ಚಿರುತ್ತವೆ. ಒಳಗಿರುವುದು ಕೆರಾಟಿನ್ ಎಂಬ ಪ್ರೋಟೀನಿನ ತಿರುಳು. ತಾತ್ಕಾಲಿಕ ಬಣ್ಣ ಹೊರಪೊರೆಯ ಮೇಲಷ್ಟೇ ಕುಳಿತು ಒಂದೆರಡು ಸ್ನಾನಕ್ಕೆ ಹೋಗುತ್ತದೆ, ಅರೆಶಾಶ್ವತ ಬಣ್ಣ ಪೊರೆಯ ಸಂದಿಗಿಳಿದು ಹಲವು ತೊಳೆತಗಳಲ್ಲಿ ತಿಳಿಯಾಗುತ್ತದೆ. ಅಂಗಡಿಯ ಶಾಶ್ವತ ಡೈಯ ಕ್ರಮವೇ ಬೇರೆ. ಪ್ಯಾರಿಸ್ಸಿನ ಯೂಜೀನ್ ಶುಲೇರ್ 1907ರಲ್ಲಿ ರೂಪಿಸಿದ ಬಣ್ಣದಿಂದ ಬೆಳೆದು ಬಂದ ಈ ಬಗೆಯಲ್ಲಿ, ಅಮೋನಿಯದಂತಹ ಕ್ಷಾರವು ಪೊರೆಗಳನ್ನು ಎಬ್ಬಿಸುತ್ತದೆ. ಪಿಪಿಡಿ ಎಂದು ಕರೆಯಲಾಗುವ ಸಣ್ಣ ಅಣುಗಳು ತಿರುಳನ್ನು ಹೊಕ್ಕು, ಹೈಡ್ರೋಜನ್ ಪೆರಾಕ್ಸೈಡಿನ ಆಮ್ಲಜನಕದೊಡನೆ ಕೂಡಿ, ಅಲ್ಲಿಯೇ ದೊಡ್ಡ ಬಣ್ಣದ ಅಣುಗಳಾಗಿ ಬೆಳೆಯುತ್ತವೆ. ಹೊಕ್ಕ ದಾರಿಯಲ್ಲಿ ಅವು ಮರಳಿ ಬರಲಾರವು. ಅದೇ ಪೆರಾಕ್ಸೈಡು ಕೂದಲಿನ ಸಹಜ ಕಪ್ಪನ್ನೂ ಸ್ವಲ್ಪ ತಿನ್ನುವುದರಿಂದ, ಡೈ ಮಾಸಿದ ಮೇಲೆ ಹಳೆಯ ಬಣ್ಣದ ಬದಲು ಕೆಂಚು ಛಾಯೆ ಕಾಣುತ್ತದೆ.

ಹೀಗಿರುವಾಗ ಮನೆಮದ್ದಿಗೆ ದಕ್ಕುವುದು ಬಣ್ಣವನ್ನು ಒಂದೆರಡು ಛಾಯೆ ತಿಳಿಮಾಡುವಷ್ಟು ಮಾತ್ರ, ಅದೂ ಬಣ್ಣ ಹಚ್ಚಿದ ಮೊದಲ ದಿನಗಳಲ್ಲಿ. ನೊರೆ ಹೆಚ್ಚಾಗಿ ಬರುವ ಸಾಧಾರಣ ಶಾಂಪುವಿನಿಂದ ಬೆಚ್ಚಗಿನ ನೀರಿನಲ್ಲಿ ಮೇಲಿಂದ ಮೇಲೆ ತೊಳೆಯುವುದು ಮನೆಮದ್ದುಗಳಲ್ಲಿ ನಿರಪಾಯದ ದಾರಿ. ವಿಟಮಿನ್ ಸಿ ಮಾತ್ರೆಯ ಪುಡಿಯನ್ನು ಶಾಂಪುವಿಗೆ ಕಲಸಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಅರೆಶಾಶ್ವತ ಬಣ್ಣ ಇನ್ನಷ್ಟು ಬಿಡಬಹುದು, ಆದರೆ ನೆತ್ತಿಯಲ್ಲಿ ಗಾಯವಿದ್ದವರು ಇದನ್ನು ಮಾಡಬಾರದು. ಅಡುಗೆ ಸೋಡ ಕ್ಷಾರಗುಣದ್ದು. ಅದು ಬಣ್ಣವನ್ನು ತಿಳಿಮಾಡುವುದರ ಜೊತೆಗೆ ಕೂದಲನ್ನೂ ಒರಟಾಗಿಸುತ್ತದೆ. ಮಲೆನಾಡಿನ ಮನೆಗಳಿಗೆ ಪರಿಚಿತವಾದ ಸೀಗೆ ಮತ್ತು ಅಂಟುವಾಳ ಜಿಡ್ಡು ಕಳೆಯುತ್ತವೆಯೇ ಹೊರತು ತಿರುಳಿಗಿಳಿದ ಡೈಯನ್ನು ಎಳೆದು ತರುವುದಿಲ್ಲ. ಆದರೂ ಪದೇ ಪದೇ ತೊಳೆದು ಒಣಗಿದ ಕೂದಲಿಗೆ ಮತ್ತಿ ಸೊಪ್ಪಿನ ಅಥವಾ ದಾಸವಾಳದೆಲೆಯ ಲೋಳೆ ಹಿತವಾಗಿರುತ್ತದೆ. ಹಣೆ, ಕಿವಿಯ ಅಂಚಿಗೆ ಹತ್ತಿದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಅರೆಗಳಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸುವುದೇ ಸಾಕು.

ಮದರಂಗಿಯದು ಇನ್ನೂ ಹಟದ ಬಣ್ಣ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಕೆರಾಟಿನ್ನಿಗೇ ಬೆಸೆದುಕೊಳ್ಳುತ್ತದೆ. ಚಹದ ಕಷಾಯ ಸೇರಿಸಿ ಕಬ್ಬಿಣದ ಬಾಣಲೆಯಲ್ಲಿ ನೆನೆಸಿಟ್ಟರೆ, ಚಹದ ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಬಣ್ಣ ಮತ್ತಷ್ಟು ಗಾಢವಾಗುತ್ತದೆ. ಕೆಲವು ಮಿಶ್ರಣದ ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥ ಕೂದಲಿಗೆ ಪೆರಾಕ್ಸೈಡು ಹಾಕಿದರೆ ಬಿಸಿಯೇರಿ ಎಳೆಗಳು ಸುಟ್ಟು ತುಂಡಾಗುವ ಅಪಾಯವಿರುವುದರಿಂದ, ಪೊಟ್ಟಣದ ಮೇಲಿನ ಪಟ್ಟಿಯನ್ನು ಓದದೆ ಬ್ಲೀಚಿಗೆ ಕೈಹಾಕಲೇಬಾರದು. ಬಾವಿಗೆ ಹಾಕಲು ಮನೆಯಲ್ಲಿ ತಂದಿಟ್ಟ ಬ್ಲೀಚಿಂಗ್ ಪೌಡರನ್ನು ತಲೆಗೆ ಬಳಸುವುದಂತೂ ಸರ್ವಥಾ ಸಲ್ಲದು: ಅದು ನೆತ್ತಿಯನ್ನೂ ಕಣ್ಣನ್ನೂ ಸುಡುತ್ತದೆ, ನಿಂಬೆರಸದಂತಹ ಹುಳಿ ಬೆರೆತರೆ ವಿಷಾನಿಲವಾದ ಕ್ಲೋರಿನ್ನನ್ನು ಹೊಮ್ಮಿಸುತ್ತದೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದಿಂದ ಬರುವ ಹೊಸ ಕೂದಲಿಗೆ ಕಾದು ತುದಿಗಳನ್ನು ಕತ್ತರಿಸುತ್ತ ಬರುವುದೇ ಹಾನಿಯಿಲ್ಲದ ಉಪಾಯವಾಗಿದೆ. ಆದರೆ ಡೈ ಹಚ್ಚಿದ ಮೇಲೆ ನೆತ್ತಿ ಉರಿದು ಗುಳ್ಳೆಯೆದ್ದರೆ, ಮುಖ ಇಲ್ಲವೆ ರೆಪ್ಪೆಗಳು ಊದಿಕೊಂಡರೆ, ಅದು ಪಿಪಿಡಿಯ ಅಲರ್ಜಿ ಇರಬಹುದು. ಆಗ ಬಣ್ಣ ತೆಗೆಯುವ ಯೋಚನೆ ಬಿಟ್ಟು, ಹೇರಳ ನೀರಿನಿಂದ ತಲೆ ತೊಳೆದು ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಉಸಿರಾಟಕ್ಕೆ ತೊಂದರೆಯಾದರೆ ಒಂದು ಗಳಿಗೆಯೂ ತಡಮಾಡಬಾರದು. ಅಂಥವರು ಮುಂದೆ ಪಿಪಿಡಿ ಇರುವ ಯಾವ ಡೈಯನ್ನೂ, ‘ಕಪ್ಪು ಮೆಹೆಂದಿ’ ಎಂದು ಮಾರುವುದನ್ನೂ, ಮತ್ತೆ ಹಚ್ಚಿಕೊಳ್ಳಬಾರದು.