ಮಾದರಿ ಕಾರುಗಳ ಸಂಗ್ರಹ ಮತ್ತು ಮಾರ್ಪಾಡು

ಮಾದರಿ ಕಾರುಗಳ ಸಂಗ್ರಹ ಮತ್ತು ಮಾರ್ಪಾಡು ಎಂಬುದು ನಿಜವಾದ ವಾಹನಗಳ ಕಿರುರೂಪಗಳನ್ನು ಕೂಡಿಡುವ ಅಥವಾ ಅವುಗಳನ್ನು ಬಿಚ್ಚಿ, ಬದಲಾಯಿಸಿ, ಓಡಿಸುವ ಹವ್ಯಾಸವಾಗಿದೆ. ಇದರಲ್ಲಿ ಎರಡು ಮುಖ್ಯ ಶಾಖೆಗಳಿವೆ. ಮೊದಲನೆಯದು ಕರಗಿದ ಲೋಹವನ್ನು ಅಚ್ಚಿನೊಳಕ್ಕೆ ಒತ್ತಿ ತಯಾರಿಸಿದ ಡೈಕಾಸ್ಟ್ ಕಾರುಗಳ ಸಂಗ್ರಹ. ಎರಡನೆಯದು ರೇಡಿಯೋ ಸಂಕೇತಗಳಿಂದ ನಡೆಯುವ ಆರ್‌ಸಿ ವಾಹನಗಳ ಮಾರ್ಪಾಡು.

ಇವೆರಡೂ ಒಂದೇ ಆಸಕ್ತಿಯಿಂದ ಹುಟ್ಟಿದ್ದರೂ ಇವುಗಳ ನಿಯಮಗಳು ಪರಸ್ಪರ ವಿರುದ್ಧವಾಗಿವೆ. ಡೈಕಾಸ್ಟ್ ಕಾರು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯಲ್ಲಿಯೇ ಉಳಿದಷ್ಟೂ ಅದರ ಮೌಲ್ಯ ಹೆಚ್ಚು. ಆರ್‌ಸಿ ವಾಹನವಾದರೋ ಬಿಚ್ಚಿ ಜೋಡಿಸುವುದಕ್ಕೆಂದೇ ರೂಪುಗೊಂಡದ್ದು. ಈ ಭೇದವನ್ನು ಅರಿಯದೆ ಹಳೆಯ ಲೋಹದ ಕಾರಿಗೆ ಹೊಸ ಬಣ್ಣ ಬಳಿದರೆ ಮತ್ತೆ ಪಡೆಯಲಾಗದ ವಸ್ತುವೊಂದು ಹಾಳಾಗುತ್ತದೆ. ಬ್ಯಾಟರಿಯ ಸ್ವಭಾವವನ್ನು ಅರಿಯದೆ ಆರ್‌ಸಿ ವಾಹನದ ಶಕ್ತಿಯನ್ನು ಹೆಚ್ಚಿಸಿದರೆ ಬೆಂಕಿಯ ಅಪಾಯವಿರುತ್ತದೆ.

ಅಳತೆಯ ಪ್ರಮಾಣ

ಮಾದರಿ ಕಾರಿನ ಗಾತ್ರವನ್ನು ಅನುಪಾತದಿಂದ ಸೂಚಿಸುತ್ತಾರೆ. 1:43 ಎಂದರೆ ನಿಜವಾದ ಕಾರಿನ 43 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು ಆಗಿರುತ್ತದೆ ಎಂದರ್ಥ. ಸುಮಾರು 4.3 ಮೀಟರು ಉದ್ದದ ಅಂಬಾಸಡರ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಂಡರೆ, 1:43ರಲ್ಲಿ ಅದು 10 ಸೆಂ.ಮೀ., 1:64ರಲ್ಲಿ ಸುಮಾರು 6.7 ಸೆಂ.ಮೀ., 1:18ರಲ್ಲಿ ಸುಮಾರು 24 ಸೆಂ.ಮೀ. ಮತ್ತು ಆರ್‌ಸಿ ವಾಹನಗಳಲ್ಲಿ ಸಾಮಾನ್ಯವಾಗಿರುವ 1:10ರಲ್ಲಿ 43 ಸೆಂ.ಮೀ. ಉದ್ದವಿರುತ್ತದೆ. 1:43 ಎಂಬ ಪ್ರಮಾಣವು ಆಟಿಕೆ ರೈಲುಗಳಿಂದ ಬಂದದ್ದು. ರೈಲು ನಿಲ್ದಾಣದ ಮಾದರಿಗಳ ಪಕ್ಕದಲ್ಲಿ ನಿಲ್ಲಿಸಲು ಅದೇ ಅಳತೆಯ ಕಾರುಗಳು ಬೇಕಾಗಿದ್ದವು.

ಡೈಕಾಸ್ಟ್ ತಯಾರಿಕೆಯ ವಿಧಾನ

ಉಕ್ಕಿನಲ್ಲಿ ಕೊರೆದ ಎರಡು ಅಥವಾ ಹೆಚ್ಚಿನ ಭಾಗಗಳ ಅಚ್ಚನ್ನು ಬಿಗಿಯಾಗಿ ಜೋಡಿಸಿ, ಕರಗಿದ ಸತುವಿನ ಮಿಶ್ರಲೋಹವನ್ನು ಅಧಿಕ ಒತ್ತಡದಿಂದ ಅದರೊಳಕ್ಕೆ ನುಗ್ಗಿಸಲಾಗುತ್ತದೆ. ಲೋಹವು ಕ್ಷಣಮಾತ್ರದಲ್ಲಿ ಗಟ್ಟಿಯಾಗುತ್ತದೆ. ಅಚ್ಚು ತೆರೆದೊಡನೆ ಕಾರಿನ ಹೊರಮೈ ಸಿದ್ಧವಾಗಿರುತ್ತದೆ. ಅಂಚುಗಳನ್ನು ನಯಗೊಳಿಸಿ, ಬಣ್ಣ ಬಳಿದು, ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕಿಟಕಿ, ಆಸನ ಹಾಗೂ ಚಕ್ರಗಳನ್ನು ಕೂಡಿಸಿ, ತಳಪಟ್ಟಿಯನ್ನು ರಿವೆಟ್‌ನಿಂದ ಭದ್ರಪಡಿಸುತ್ತಾರೆ. ಅಚ್ಚು ತಯಾರಿಸುವ ವೆಚ್ಚ ಬಹಳ. ಆದರೆ ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಕಾರುಗಳನ್ನು ತೆಗೆಯಬಹುದಾದ ಕಾರಣ ಒಂದೊಂದು ಕಾರಿನ ಬೆಲೆ ಅಗ್ಗವಾಗುತ್ತದೆ.

ಇಲ್ಲಿ ಬಳಸುವ ಮಿಶ್ರಲೋಹದ ಹೆಸರು ಜಾಮಕ್. ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ ಮತ್ತು ತಾಮ್ರಗಳ ಜರ್ಮನ್ ಹೆಸರುಗಳ ಮೊದಲಕ್ಷರಗಳಿಂದ ಈ ಪದ ರೂಪುಗೊಂಡಿದೆ. ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿಯು 1929ರಲ್ಲಿ ಇದನ್ನು ಅಭಿವೃದ್ಧಿಪಡಿಸಿತು. ಇದರಲ್ಲಿ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಸತುವೇ.

ಇತಿಹಾಸ

ಅಮೆರಿಕದ ಶಿಕಾಗೋ ನಗರದ ಟೂಟ್ಸಿಟಾಯ್ ಕಾರುಗಳು ಎರಕದ ಆಟಿಕೆ ವಾಹನಗಳಲ್ಲಿ ಮೊದಲಿಗರ ಸಾಲಿಗೆ ಸೇರುತ್ತವೆ. ಬ್ರಿಟನ್ನಿನಲ್ಲಿ ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿಯವರ ಮೆಕಾನೊ ಸಂಸ್ಥೆಯು ರೈಲು ಮಾದರಿಗಳಿಗೆ ಪೂರಕವಾಗಿ 1933ರಲ್ಲಿ ಕೆಲವು ವಾಹನಗಳನ್ನು ಹೊರತಂದಿತು. ಇವೇ 1934ರಿಂದ ಡಿಂಕಿ ಟಾಯ್ಸ್ ಎಂದು ಪ್ರಸಿದ್ಧವಾದವು.

1947ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬ ಇಬ್ಬರು ಸ್ನೇಹಿತರು ತಮ್ಮ ಹೆಸರುಗಳ ಭಾಗಗಳನ್ನು ಕೂಡಿಸಿ ಲೆಸ್ನಿ ಎಂಬ ಎರಕದ ಉದ್ಯಮವನ್ನು ಸ್ಥಾಪಿಸಿದರು. ಇವರ ಜೊತೆಗೂಡಿದ ಜ್ಯಾಕ್ ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಗಳಿಗೆ ಮಾತ್ರ ಅನುಮತಿಯಿತ್ತು. ಆ ಮಗುವಿಗಾಗಿ ಓಡೆಲ್ ಮಾಡಿಕೊಟ್ಟ ಪುಟ್ಟ ರೋಡ್ ರೋಲರ್‌ನಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಸರಣಿ ಹುಟ್ಟಿತು. ಮೆಟಾಯ್ ಸಂಸ್ಥೆ 1956ರಲ್ಲಿ ಆರಂಭಿಸಿದ ಕಾರ್ಗಿ ಟಾಯ್ಸ್ ತನ್ನ ಕಾರುಗಳಿಗೆ ಪಾರದರ್ಶಕ ಕಿಟಕಿಗಳನ್ನು ಅಳವಡಿಸಿ ಹೆಸರು ಮಾಡಿತು. ಜೇಮ್ಸ್ ಬಾಂಡ್ ಚಿತ್ರದ ಆಸ್ಟನ್ ಮಾರ್ಟಿನ್ ಡಿಬಿ5 ಕಾರನ್ನು ಅದು 1965ರಲ್ಲಿ ಬಿಡುಗಡೆ ಮಾಡಿತು.

1968ರಲ್ಲಿ ಅಮೆರಿಕದ ಮ್ಯಾಟೆಲ್ ಸಂಸ್ಥೆಯು 16 ಕಾರುಗಳೊಂದಿಗೆ ಹಾಟ್ ವೀಲ್ಸ್ ಸರಣಿಯನ್ನು ಆರಂಭಿಸಿತು. ತೆಳುವಾದ ಆಕ್ಸಲ್ ಮತ್ತು ಘರ್ಷಣೆ ಕಡಿಮೆ ಇರುವ ಚಕ್ರಗಳಿಂದ ಈ ಕಾರುಗಳು ಇಳಿಜಾರಿನ ಪಟ್ಟಿಯ ಮೇಲೆ ಅತಿ ವೇಗವಾಗಿ ಓಡುತ್ತಿದ್ದವು. ಇದಕ್ಕೆ ಪ್ರತಿಯಾಗಿ ಮ್ಯಾಚ್‌ಬಾಕ್ಸ್ ಮರುವರ್ಷವೇ ಸೂಪರ್‌ಫಾಸ್ಟ್ ಚಕ್ರಗಳನ್ನು ತಂದಿತು. ಆದರೂ ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಕೈಬದಲಾಗುತ್ತ ಬಂದ ಮ್ಯಾಚ್‌ಬಾಕ್ಸ್ ಹೆಸರು 1997ರಲ್ಲಿ ಪ್ರತಿಸ್ಪರ್ಧಿಯಾಗಿದ್ದ ಮ್ಯಾಟೆಲ್‌ನ ಒಡೆತನಕ್ಕೇ ಸೇರಿತು.

ಭಾರತದಲ್ಲಿ, ಡಿಂಕಿಯ ಹಳೆಯ ಅಚ್ಚುಗಳನ್ನು ತರಿಸಿಕೊಂಡು ಕೊಲ್ಕತ್ತಾದಲ್ಲಿ ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ಕಾರುಗಳನ್ನು ತಯಾರಿಸಲಾಗುತ್ತಿತ್ತು. ಬಳಸಿ ಸವೆದ ಅಚ್ಚುಗಳಾದ್ದರಿಂದ ಇವುಗಳ ಎರಕ ಮೂಲದಷ್ಟು ನವಿರಾಗಿಲ್ಲ. ಒಂದು ಕಾಲಕ್ಕೆ ಇದೇ ಕಾರಣದಿಂದ ಕಡೆಗಣಿಸಲ್ಪಟ್ಟಿದ್ದ ಈ ಕಾರುಗಳನ್ನು ಇಂದು ವಿದೇಶಿ ಸಂಗ್ರಾಹಕರೂ ಹುಡುಕುತ್ತಾರೆ.

ಸತುವಿನ ಕ್ಷಯ

ಹಳೆಯ ಡೈಕಾಸ್ಟ್ ಕಾರುಗಳ ದೊಡ್ಡ ಶತ್ರು ತುಕ್ಕಲ್ಲ. ಲೋಹದ ಒಳಗಿನಿಂದಲೇ ಆರಂಭವಾಗುವ ಕ್ಷಯ. ಕರಗಿಸುವಾಗ ಮಿಶ್ರಲೋಹದಲ್ಲಿ ಸೀಸ, ತವರ ಅಥವಾ ಕ್ಯಾಡ್ಮಿಯಂ ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡರೂ ಅದು ಲೋಹದ ಹರಳುಗಳ ಸಂದುಗಳಲ್ಲಿ ನಿಲ್ಲುತ್ತದೆ. ತೇವಾಂಶ ತಗುಲಿದಾಗ ಆ ಸಂದುಗಳು ಕೊರೆಯಲ್ಪಟ್ಟು ಲೋಹ ಉಬ್ಬುತ್ತದೆ, ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ, ಕೊನೆಗೆ ಕಾರು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕಾರ್ಖಾನೆಯಲ್ಲಿ ಸೀಸದ ತುಣುಕುಗಳು ಸತುವಿನ ಕಡಾಯಿಗೆ ಬೆರೆತರೆ ಸಾಕು, ಆ ಕಡಾಯಿಯಿಂದ ಬಂದ ಕಾರುಗಳೆಲ್ಲ ದಶಕಗಳ ಬಳಿಕ ಒಂದೊಂದಾಗಿ ಒಡೆಯಬಹುದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ.

ಈ ಕ್ಷಯಕ್ಕೆ ಔಷಧವಿಲ್ಲ. ಅದರ ವೇಗವನ್ನು ತಗ್ಗಿಸಬಹುದಷ್ಟೆ. ಇದು ಅಂಟುರೋಗವೂ ಅಲ್ಲ. ಒಂದು ಕಾರಿನಿಂದ ಪಕ್ಕದ ಕಾರಿಗೆ ಹರಡುವುದಿಲ್ಲ. ಶೇ. 99.99ರಷ್ಟು ಶುದ್ಧವಾದ ಸತುವಿನ ಬಳಕೆ ರೂಢಿಗೆ ಬಂದ ಮೇಲೆ ಈ ದೋಷ ಬಹುಮಟ್ಟಿಗೆ ಮರೆಯಾಗಿದೆ. ಕರ್ನಾಟಕದ ಕರಾವಳಿ ಮತ್ತು ಮಲೆನಾಡಿನಂತಹ ಮಳೆಯ ಪ್ರದೇಶಗಳಲ್ಲಿ ಹಳೆಯ ಕಾರುಗಳನ್ನು ಗಾಳಿಯಾಡದ ಟ್ರಂಕಿನಲ್ಲಿಯಾಗಲಿ ಗೋಡೆಗೆ ತಾಗಿದ ಕಪಾಟಿನಲ್ಲಿಯಾಗಲಿ ಇಡದೆ, ಒಣಗಿದ ಸ್ಥಳದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಒಳ್ಳೆಯದು. ನೇರ ಬಿಸಿಲು ಬಣ್ಣವನ್ನೂ ರಟ್ಟಿನ ಪೆಟ್ಟಿಗೆಯನ್ನೂ ಮಸುಕಾಗಿಸುತ್ತದೆ.

ಮೌಲ್ಯ ಮತ್ತು ಮೂಲಸ್ಥಿತಿ

ಕಾರಿನ ಮೌಲ್ಯವನ್ನು ನಿರ್ಧರಿಸುವುದು ಕೇವಲ ಅದರ ವಯಸ್ಸಲ್ಲ. ಎಷ್ಟು ಉಳಿದಿವೆ, ಬಣ್ಣ ಮೂಲದ್ದೇ, ಪೆಟ್ಟಿಗೆ ಇದೆಯೇ, ಚಕ್ರಗಳು ಆ ಕಾಲದವೇ ಎಂಬುದನ್ನೆಲ್ಲ ಪರಿಶೀಲಿಸುತ್ತಾರೆ. ಮ್ಯಾಚ್‌ಬಾಕ್ಸ್ ಕಾರುಗಳ ಚಕ್ರಗಳು ಮೊದಲು ಲೋಹದಿಂದ, ನಂತರ ಬೂದುಬಣ್ಣದ ಪ್ಲಾಸ್ಟಿಕ್‌ನಿಂದ, ಬಳಿಕ ಕಪ್ಪು ಪ್ಲಾಸ್ಟಿಕ್‌ನಿಂದ ತಯಾರಾದವು. ಹೀಗೆ ಚಕ್ರವನ್ನು ನೋಡಿಯೇ ಕಾರಿನ ಕಾಲವನ್ನು ಅಂದಾಜಿಸಬಹುದು. ಹಾಟ್ ವೀಲ್ಸ್ ಕಾರುಗಳ ತಳದಲ್ಲಿರುವ ಇಸವಿ ಆ ವಿನ್ಯಾಸದ ಹಕ್ಕುಸ್ವಾಮ್ಯಕ್ಕೆ ಸಂಬಂಧಿಸಿದ್ದು, ತಯಾರಾದ ವರ್ಷವಲ್ಲ. ಅದನ್ನು ನಂಬಿ ಹೊಸ ಕಾರಿಗೆ ಹಳೆಯ ಕಾರಿನ ಬೆಲೆ ತೆತ್ತು ಮೋಸಹೋಗುವವರು ಇದ್ದಾರೆ.

ಬದಲಾವಣೆಗೊಂಡ ಕಾರುಗಳನ್ನು ಗುರುತಿಸಲು ಸಂಗ್ರಾಹಕರಲ್ಲಿ ಮೂರು ಸಂಕೇತಗಳು ರೂಢಿಯಲ್ಲಿವೆ. ತಯಾರಕರೇ ಪೂರ್ಣವಾಗಿ ಸಿದ್ಧಪಡಿಸಿದ್ದು ಕೋಡ್ 1. ತಯಾರಕರ ಒಪ್ಪಿಗೆಯಿಂದ ಬೇರೆಯವರು ಬದಲಾಯಿಸಿದ್ದು ಕೋಡ್ 2. ಒಪ್ಪಿಗೆಯಿಲ್ಲದೆ ಹವ್ಯಾಸಿಗಳು ಮಾರ್ಪಡಿಸಿದ್ದು ಕೋಡ್ 3. ಕೋಡ್ 3 ಕಾರನ್ನು ಮಾಡುವುದು ತಪ್ಪಲ್ಲ; ಅದನ್ನು ಮೂಲವೆಂದು ಹೇಳಿ ಮಾರುವುದು ವಂಚನೆ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಅವುಗಳನ್ನು ಉಜ್ಜಿ ತೆಗೆಯುವಾಗ ಏಳುವ ದೂಳು ಅಪಾಯಕಾರಿ. ಇಂತಹ ಕಾರುಗಳನ್ನು ಚಿಕ್ಕಮಕ್ಕಳ ಕೈಗೆ ಕೊಡಬಾರದು.

ಆರ್‌ಸಿ ವಾಹನಗಳು

ರೇಡಿಯೋ ನಿಯಂತ್ರಿತ ಕಾರುಗಳು 1960ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಇವು ಜನಪ್ರಿಯವಾಗಲು ಮುಖ್ಯ ಕಾರಣವಾದದ್ದು ಜಪಾನಿನ ಶಿಜುವೊಕಾ ನಗರದ ತಮಿಯಾ ಸಂಸ್ಥೆ. ಅದು 1976ರಲ್ಲಿ 1:12 ಪ್ರಮಾಣದ ಪೋರ್ಷೆ 934 ಕಾರನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ತಂದಿತು. 1984ರ ಗ್ರಾಸ್‌ಹಾಪರ್ ಮತ್ತು ಹಾರ್ನೆಟ್ ಬಗ್ಗಿಗಳು ಅಗ್ಗವೂ ಗಟ್ಟಿಯೂ ಆಗಿದ್ದು, ಅನೇಕರಿಗೆ ಮೊದಲ ಆರ್‌ಸಿ ವಾಹನಗಳಾದವು. ಕೊಂಡವನೇ ತನ್ನ ಕೈಯಾರೆ ಜೋಡಿಸಬೇಕಾದ್ದರಿಂದ ಪ್ರತಿಯೊಂದು ಭಾಗದ ಕೆಲಸವೂ ಅವನಿಗೆ ತಿಳಿಯುತ್ತಿತ್ತು. ಅಂಗಡಿಯ ಸಾಮಾನ್ಯ ರಿಮೋಟ್ ಆಟಿಕೆಗೂ ಹವ್ಯಾಸದ ಆರ್‌ಸಿ ವಾಹನಕ್ಕೂ ಇರುವ ವ್ಯತ್ಯಾಸ ಇದೇ: ಎರಡನೆಯದರಲ್ಲಿ ಮುರಿದ ಭಾಗವನ್ನು ಬಿಡಿಯಾಗಿ ಕೊಂಡು ಬದಲಾಯಿಸಬಹುದು.

ವಾಹನದಲ್ಲಿರುವ ರಿಸೀವರ್, ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನಿಂದ ಸಂಕೇತ ಪಡೆಯುತ್ತದೆ. ಸರ್ವೋ ಎಂಬ ಪುಟ್ಟ ಮೋಟಾರು ಮುಂಚಕ್ರಗಳನ್ನು ತಿರುಗಿಸುತ್ತದೆ. ವೇಗನಿಯಂತ್ರಕವು ಬ್ಯಾಟರಿಯಿಂದ ಮುಖ್ಯ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹೆಚ್ಚುಕಡಿಮೆ ಮಾಡುತ್ತದೆ. ಹಿಂದೆ 27 ಮೆಗಾಹರ್ಟ್ಸ್ ತರಂಗಗಳಲ್ಲಿ ಒಬ್ಬರ ಸಂಕೇತ ಇನ್ನೊಬ್ಬರ ಕಾರನ್ನು ಅಡ್ಡಾದಿಡ್ಡಿ ಓಡಿಸುತ್ತಿದ್ದುದುಂಟು. ಈಗಿನ 2.4 ಗಿಗಾಹರ್ಟ್ಸ್ ಸಾಧನಗಳಲ್ಲಿ ಆ ತೊಂದರೆ ಬಹುತೇಕ ಇಲ್ಲ.

ಮಾರ್ಪಾಡಿನ ತತ್ತ್ವ

ಅನುಭವಿಲ್ಲದ ಹವ್ಯಾಸಿಗಳು ಮೊದಲು ಮೋಟಾರನ್ನು ಬದಲಾಯಿಸುತ್ತಾರೆ. ಆದರೆ ವಾಹನದ ಒಂದು ಭಾಗ ಬಲಗೊಂಡರೆ ಆ ಭಾರವೆಲ್ಲ ಮುಂದಿನ ದುರ್ಬಲ ಭಾಗದ ಮೇಲೆ ಬೀಳುತ್ತದೆ. ಶಕ್ತಿಯುತ ಮೋಟಾರು ಹಾಕಿದರೆ ಪ್ಲಾಸ್ಟಿಕ್ ಹಲ್ಲುಚಕ್ರ ಸವೆಯುತ್ತದೆ. ಅದನ್ನು ಉಕ್ಕಿನದಾಗಿಸಿದರೆ ಚಕ್ರದ ದಂಡ ತಿರುಚಿಕೊಳ್ಳುತ್ತದೆ. ಆದ್ದರಿಂದ ಸವೆದ ಪ್ಲಾಸ್ಟಿಕ್ ಬುಶ್‌ಗಳ ಬದಲು ಬಾಲ್ ಬೇರಿಂಗ್ ಹಾಕುವುದು, ಟೈರನ್ನು ನೆಲಕ್ಕೆ ತಕ್ಕಂತೆ ಆರಿಸುವುದು, ಆಘಾತಶಾಮಕಗಳ ಎಣ್ಣೆಯನ್ನು ಬದಲಾಯಿಸುವುದು ಮೊದಲ ಹೆಜ್ಜೆಗಳಾಗಿರುವುದು ಉತ್ತಮ.

ಬ್ರಶ್‌ರಹಿತ ಮೋಟಾರುಗಳ ಮೇಲೆ ಕೆವಿ ಎಂಬ ಸಂಖ್ಯೆಯಿರುತ್ತದೆ. ಇದು ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ತಿಳಿಸುತ್ತದೆ. 3000 ಕೆವಿ ಮೋಟಾರಿಗೆ 7.4 ವೋಲ್ಟ್ ಕೊಟ್ಟರೆ 22,200 ಸುತ್ತುಗಳಾಗುತ್ತವೆ. ಮೋಟಾರಿನ ಹಲ್ಲುಚಕ್ರದಲ್ಲಿ 20 ಹಲ್ಲುಗಳೂ ಅದು ತಿರುಗಿಸುವ ದೊಡ್ಡ ಚಕ್ರದಲ್ಲಿ 80 ಹಲ್ಲುಗಳೂ ಇದ್ದರೆ, ಮೋಟಾರಿನ ನಾಲ್ಕು ಸುತ್ತಿಗೆ ದೊಡ್ಡ ಚಕ್ರ ಒಂದು ಸುತ್ತು ತಿರುಗುತ್ತದೆ. ಚಿಕ್ಕ ಚಕ್ರದ ಹಲ್ಲುಗಳನ್ನು ಹೆಚ್ಚಿಸಿದರೆ ಗರಿಷ್ಠ ವೇಗ ಏರುತ್ತದೆ. ಆದರೆ ಎಳೆಯುವ ಬಲ ತಗ್ಗಿ ಮೋಟಾರು ಕಾಯುತ್ತದೆ.

ಎತ್ತರದಿಂದ ನೆಗೆದು ಪಲ್ಟಿ ಹೊಡೆದ ಆರ್‌ಸಿ ಕಾರು ಮತ್ತೆ ಓಡುವುದಕ್ಕೆ ಗಣಿತದ ಕಾರಣವಿದೆ. ಉದ್ದ ಹತ್ತನೆಯ ಒಂದು ಭಾಗವಾದಾಗ ಭಾಗಗಳ ಅಡ್ಡಕೊಯ್ತದ ವಿಸ್ತೀರ್ಣ ನೂರನೆಯ ಒಂದಕ್ಕೆ ಇಳಿಯುತ್ತದೆ. ತೂಕವಾದರೋ ಸಾವಿರದ ಒಂದಕ್ಕೆ ಇಳಿಯುತ್ತದೆ. ಹೀಗೆ ತನ್ನ ತೂಕಕ್ಕೆ ಹೋಲಿಸಿದರೆ ಮಾದರಿಯು ಸುಮಾರು ಹತ್ತು ಪಟ್ಟು ಗಟ್ಟಿಯಾಗಿರುತ್ತದೆ.

ಬ್ಯಾಟರಿ ಮತ್ತು ಸುರಕ್ಷತೆ

ಹಿಂದೆ 1.2 ವೋಲ್ಟಿನ ಆರು ನಿಕಲ್ ಕೋಶಗಳನ್ನು ಜೋಡಿಸಿದ 7.2 ವೋಲ್ಟಿನ ಬ್ಯಾಟರಿಗಳು ಬಳಕೆಯಲ್ಲಿದ್ದವು. ಈಗ ಲಿಥಿಯಂ ಪಾಲಿಮರ್ ಬ್ಯಾಟರಿಗಳು ಹೆಚ್ಚಾಗಿವೆ. ಇವುಗಳ ಒಂದು ಕೋಶದ ಸಾಮಾನ್ಯ ವೋಲ್ಟೇಜು 3.7, ಪೂರ್ಣ ಚಾರ್ಜ್ ಆದಾಗ 4.2. ಇದಕ್ಕಿಂತ ಮೇಲೇರಿಸಿದರೆ ಬೆಂಕಿ ಹತ್ತಬಹುದು. 3 ವೋಲ್ಟಿಗಿಂತ ಕೆಳಗಿಳಿಸಿದರೆ ಕೋಶ ಕೆಡುತ್ತದೆ. ಆದ್ದರಿಂದ ಪ್ರತಿ ಕೋಶವನ್ನೂ ಸಮತೂಗಿಸುವ ಚಾರ್ಜರನ್ನೇ ಬಳಸಬೇಕು; ಚಾರ್ಜ್ ಆಗುತ್ತಿರುವಾಗ ಬಿಟ್ಟುಹೋಗಬಾರದು; ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬಾರದು. ಓಡಿಸದೆ ಇಡುವಾಗ ಪ್ರತಿ ಕೋಶದಲ್ಲಿ ಸುಮಾರು 3.8 ವೋಲ್ಟ್ ಇರುವಂತೆ ನೋಡಿಕೊಳ್ಳಬೇಕು.

ಉಳಿಸುವುದೇ, ಬದಲಾಯಿಸುವುದೇ

ಮಾರ್ಪಾಡಿಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಾಡಿದ್ದನ್ನು ಹಿಂದಕ್ಕೆ ತರಲು ಸಾಧ್ಯವೇ? ಆರ್‌ಸಿ ವಾಹನದಲ್ಲಿ ಬಿಚ್ಚಿದ ಭಾಗವನ್ನು ಎತ್ತಿಟ್ಟರೆ ಮತ್ತೆ ಮೊದಲಿನಂತೆ ಜೋಡಿಸಬಹುದು. ಡೈಕಾಸ್ಟ್ ಕಾರಿನ ರಿವೆಟ್ ಕೊರೆದ ಮೇಲೆ, ಮೂಲಬಣ್ಣ ತೆಗೆದ ಮೇಲೆ ಅದು ಮರಳದು. ಈಗಲೂ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಕಾರನ್ನಾಗಲಿ ಬಣ್ಣ ಪೂರ್ತಿ ಹೋದ ಹಳೆಯ ಕಾರನ್ನಾಗಲಿ ಮಾರ್ಪಡಿಸಿದರೆ ನಷ್ಟವಿಲ್ಲ. ಆದರೆ ಮೂಲಬಣ್ಣ ಉಳಿದಿರುವ ಹಳೆಯ ಕಾರಿನ ಮೇಲಿನ ಗೀರುಗಳೂ ಅದರ ಚರಿತ್ರೆಯ ಭಾಗವೇ. ಯಾವುದೋ ಮಗುವಿನ ಕೈಯಲ್ಲಿ ಸವೆದ ಆ ಗುರುತುಗಳನ್ನು ಹೊಸ ಬಣ್ಣದ ಕೆಳಗೆ ಮುಚ್ಚಿದರೆ ಕಾರು ಹೊಳೆಯಬಹುದು. ಆದರೆ ಅದು ಹೇಳುತ್ತಿದ್ದ ಸಾಕ್ಷ್ಯ ಅಲ್ಲಿಗೆ ಮುಗಿಯುತ್ತದೆ.