ಮಲೆನಾಡಿನ ಮೈಲುತುತ್ತವೂ ಬರ್ಗಂಡಿಯ ಬಿಳಿದ್ರಾಕ್ಷಿಯೂ

ಮಳೆಗಾಲದಲ್ಲಿ ಮಂಡಗದ್ದೆಗೆ ಹೋದವರು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿದ ಬೆಳ್ಳಕ್ಕಿಗಳನ್ನು ಕಣ್ತುಂಬ ನೋಡಿ ಹಿಂದಿರುಗುವುದು ವಾಡಿಕೆ. ನಮ್ಮ ದೃಷ್ಟಿ ಹರಿದುದು ಆ ಸೀಮೆಯ ಅಡಕೆಯ ತೋಟಗಳ ಕಡೆಗೆ. ಕೊನೆಗಳ ಮೇಲೆಲ್ಲ ತಿಳಿನೀಲಿಯ ಲೇಪ. ಕೊಳೆರೋಗ ತಗಲದಿರಲೆಂದು ಹೊಡೆಯುವ ಬೋರ್ಡೋ ದ್ರಾವಣವದು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ತೋಟಗಳಿಗೆ ಇದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರಿಚಯಿಸಿದವರು ಕೃಷಿವಿಜ್ಞಾನಿ ಲೆಸ್ಲಿ ಕೋಲ್ಮನ್. ಆದರೆ ಈ ಔಷಧಿ ಹುಟ್ಟಿದ್ದು ಅಡಕೆಗಾಗಿ ಅಲ್ಲ, ದ್ರಾಕ್ಷಿಗಾಗಿ.

ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಸುಣ್ಣಗಳನ್ನು ಬಳಿಯುತ್ತಿದ್ದರಂತೆ. ಅಮೆರಿಕದಿಂದ ಬಂದ ಬೂಜುರೋಗ ಉಳಿದ ಬಳ್ಳಿಗಳ ಎಲೆಗಳನ್ನು ಉದುರಿಸಿದಾಗಲೂ ಇವು ಹಸುರಾಗಿ ನಿಂತಿದ್ದುವು. 1882ರಲ್ಲಿ ಇದನ್ನು ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, ಪ್ರಯೋಗಗಳನ್ನು ನಡೆಸಿ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಕಳ್ಳರಿಗೆ ಒಡ್ಡಿದ ಬೆದರಿಕೆಯೇ ರೋಗಕ್ಕೆ ಮದ್ದಾಯಿತು. ದ್ರಾಕ್ಷಿಯ ಬೂಜೂ ನಮ್ಮ ಕೊಳೆರೋಗವೂ ಒಂದೇ ವರ್ಗದ ಜೀವಿಗಳ ಕೃತ್ಯವೆಂಬುದನ್ನು ನೆನೆದರೆ ಒಂದೇ ಮದ್ದು ಎರಡಕ್ಕೂ ಒಗ್ಗಿದುದರಲ್ಲಿ ಆಶ್ಚರ್ಯವಿಲ್ಲ.

ಅಡಕೆ ತಾಳಿಕೊಳ್ಳುವ ಈ ಮಳೆಯನ್ನು ದ್ರಾಕ್ಷಿ ತಾಳಲಾರದು. ಉತ್ತಮ ಬಿಳಿ ವೈನಿಗೆ ಹೆಸರಾದ ಶಾರ್ಡನೇ ತಳಿಯ ಮಾತಂತೂ ಬೇಡ. ಬರ್ಗಂಡಿ ಅದರ ತವರು. ಆ ಹೆಸರಿನದೇ ಒಂದು ಹಳ್ಳಿಯೂ ಅಲ್ಲಿದೆ. ಅದರ ತಂದೆತಾಯಿಗಳಾರೆಂಬ ವಿವಾದ ಬಹುಕಾಲ ನಡೆದು, 1999ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ಇತ್ಯರ್ಥವಾಯಿತು. ಒಂದು ಕಡೆಗೆ ಕುಲೀನ ಪಿನೋ. ಮತ್ತೊಂದು ಕಡೆಗೆ, ಬಡ ರೈತರ ಬೆಳೆಯೆಂದು ಮೂಗುಮುರಿಯಲಾಗುತ್ತಿದ್ದ ಗುವೇ ಬ್ಲಾಂ! ವಂಶಾಭಿಮಾನಿಗಳಿಗೆ ಇದು ರುಚಿಸಿತೋ ಇಲ್ಲವೋ ನಾವರಿಯೆವು.

ಪಾನದ ಪ್ರಶಂಸೆ ನಮ್ಮ ಉದ್ದೇಶವಲ್ಲ. ಆದರೆ ಈ ವೈನಿನ ತಯಾರಿಕೆಯಲ್ಲಿ ಅಡಗಿರುವ ರಸಾಯನಶಾಸ್ತ್ರ ಎಂಥ ವಾಚಕನನ್ನಾದರೂ ಸೆಳೆಯುವಂಥದು. ಕೆಂಪು ವೈನಿನಲ್ಲಿ ಸಿಪ್ಪೆಯೊಡನೆಯೇ ರಸ ಹುದುಗುತ್ತದೆ. ಬಿಳಿಯದರಲ್ಲಿ ಹಣ್ಣನ್ನು ಮೊದಲೇ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಒಡೆಯುತ್ತದೆ. ಸಿಪ್ಪೆಯ ಒಗರಿನ ಆಸರೆಯಿಲ್ಲದ ಬಿಳಿ ವೈನಿಗೆ ಬೆನ್ನೆಲುಬಾಗಿ ನಿಲ್ಲುವುದು ಹುಳಿ. ಹಣ್ಣಿನಲ್ಲಿ ಟಾರ್ಟಾರಿಕ್, ಮ್ಯಾಲಿಕ್ ಎಂಬ ಎರಡು ಆಮ್ಲಗಳು ಮುಖ್ಯ. ಮಾಗುವ ಕಾಯಿ ಉಸಿರಾಡುವಾಗ ಮ್ಯಾಲಿಕ್ ಆಮ್ಲವನ್ನು ಉರಿಸಿಬಿಡುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ನಷ್ಟ ಹೆಚ್ಚು. ಸಕ್ಕರೆ ಏರುತ್ತಿರುವಾಗಲೇ ಹುಳಿ ಇಳಿಯುವ ಈ ಓಟದಲ್ಲಿ ಕೆಲವೇ ದಿನ ತಡವಾದರೂ ವರ್ಷದ ಶ್ರಮ ಸಪ್ಪೆಯಾಗಬಹುದು. ಬಿಸಿನಾಡುಗಳಲ್ಲಿ ಇರುಳಿನಲ್ಲೋ ನಸುಕಿನಲ್ಲೋ ಕೊಯ್ಯುವುದು ಹಣ್ಣು ತಂಪಾಗಿಯೇ ಹಿಂಡುಯಂತ್ರವನ್ನು ಸೇರಲೆಂದು.

ತಂಪುಸೀಮೆಯಲ್ಲಿ ತೊಡಕು ತಿರುಗುಮುರುಗು, ಹುಳಿ ಅತಿಯಾಗುತ್ತದೆ. ಆಗ ಒಂದು ಬ್ಯಾಕ್ಟೀರಿಯಾ ನೆರವಿಗೆ ಬರುತ್ತದೆ. ಅದು ತೀಕ್ಷ್ಣವಾದ ಮ್ಯಾಲಿಕ್ ಆಮ್ಲವನ್ನು ಸೌಮ್ಯವಾದ ಲ್ಯಾಕ್ಟಿಕ್ ಆಮ್ಲವಾಗಿ, ಎಂದರೆ ನಮ್ಮ ಮೊಸರಿನ ಹುಳಿಯಾಗಿ, ಮಾರ್ಪಡಿಸುತ್ತದೆ. ಜತೆಗೆ ಹುಟ್ಟುವ ಡೈಅಸಿಟೈಲಿನಿಂದ ಕೆಲವು ಶಾರ್ಡನೇಗಳಿಗೆ ಬೆಣ್ಣೆಯ ವಾಸನೆ. ಓಕ್ ಮರದ ಪೀಪಾಯಿಯಿಂದ ವೆನಿಲಾದ ಕಂಪು.

ಬರ್ಗಂಡಿಯ ಹೊರಗೆ ಇಂಥದು ಸಾಧ್ಯವೇ ಎಂಬ ಸಂಶಯಕ್ಕೆ 1976ರ ಪ್ಯಾರಿಸ್ ಸ್ಪರ್ಧೆ ಉತ್ತರ ನೀಡಿತು. ಹೆಸರು ಮುಚ್ಚಿ ಸವಿದ ಫ್ರೆಂಚ್ ತೀರ್ಪುಗಾರರು ಬಿಳಿ ವೈನುಗಳಲ್ಲಿ ಮೊದಲ ಸ್ಥಾನ ಕೊಟ್ಟುದು ಕ್ಯಾಲಿಫೋರ್ನಿಯದ ಶಾಟೋ ಮಾಂಟೆಲೆನಾದ 1973ರ ಶಾರ್ಡನೇಗೆ. ಅದರ ತಯಾರಕ, ಕ್ರೊಯೇಷಿಯದಿಂದ ವಲಸೆ ಬಂದಿದ್ದ ಮೈಕ್ ಗ್ರ್ಗಿಚ್.

ನಮ್ಮಲ್ಲಿ ಕನ್ವಲ್ ಗ್ರೋವರ್ ಅವರು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ, ಫ್ರೆಂಚ್ ತಳಿಗಳನ್ನು ನೆಟ್ಟು ಹಾದಿ ತೆರೆದರು. ಶಾರ್ಡನೇಯ ಸಾಹಸವನ್ನು ಕಾಣಬೇಕಾದರೆ ಗಡಿಯಾಚೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜಿಗೆ ಹೋಗಬೇಕು. ಮೂರು ಜೋಡಿ ಸೋದರರು ಕೂಡಿ ಕಟ್ಟಿದ ಸಂಸ್ಥೆ ಅಲ್ಲಿಯದು; ಹೆಸರೂ ಫ್ರತೆಲ್ಲಿ, ಎಂದರೆ ಇಟಾಲಿಯನ್ನಿನಲ್ಲಿ ಸೋದರರು. ಅಲ್ಲಿಯ ವೈನುಗಳಿಗೆ ರೂಪ ಕೊಟ್ಟವರು ಟಸ್ಕನಿಯ ಪಿಯೆರೊ ಮಾಸಿ. ಯೂರೋಪಿನಲ್ಲಿ ಚಳಿಗಾಲದ ಹಿಮಕ್ಕೆ ಬಳ್ಳಿ ಮಲಗಿ ವಸಂತದಲ್ಲಿ ಏಳುತ್ತದೆ. ದಖ್ಖನಿನಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ವಿಜಾಪುರದ ರೈತರು ಚಾಟನಿ ಎನ್ನುವ ಸವರುವಿಕೆ ವರ್ಷಕ್ಕೆ ಎರಡು ಸಲ: ಬೇಸಗೆಯಲ್ಲಿ ಹೊಸ ಕಡ್ಡಿಗಾಗಿ, ಮಳೆ ಹಿಂಜರಿಯುವಾಗ ಫಲಕ್ಕಾಗಿ. ಈ ಎರಡನೆಯದರ ಕಾಲನಿರ್ಣಯದಲ್ಲೇ ಎಲ್ಲ ಕೌಶಲವೂ ಅಡಗಿದೆ. ಬೇಗ ಸವರಿದರೆ ಎಳೆಯ ಚಿಗುರು ಮಳೆಗೆ ಸಿಕ್ಕಿ ಬೂಜು ಹಿಡಿಯುತ್ತದೆ. ತಡಮಾಡಿದರೆ ಹಣ್ಣು ಮಾಗುವ ಹೊತ್ತಿಗೆ ಚಳಿಗಾಲದ ತಂಪಿರುಳುಗಳು ಮುಗಿದು ಬಿಸಿಲೇರಿರುತ್ತದೆ.